28 ದಿನದ ಚುಚ್ಚುಮದ್ದು: ಚಾರ್ಟ್ ಬಿಟ್ಟು ಮರಳಿಗೆ ಬಂದ ನನ್ನ ಅನುಭವ

ನಮ್ಮೂರಲ್ಲಿ ಪೆನಿಡ್ಯೂರ್ ಅಂತೀವಲ್ಲ, ಅದೇ ಪೆನಿಸಿಲಿನ್ ಮದ್ದು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಿಂದ ನಾಲ್ಕು ಗಂಟೆ ದಾರಿಯ ಕ್ಲಿನಿಕ್‌ನಲ್ಲಿ ನಾನು ನರ್ಸ್. ಅಲ್ಲಿಗೆ ಬರುವವರು ವಾರ್ಲ್‌ಪಿರಿ ಭಾಷೆ ಮಾತಾಡುವ ಅಬೊರಿಜಿನಲ್ ಜನ, ಅಂದರೆ ಅಲ್ಲಿನ ಮೂಲನಿವಾಸಿಗಳು. ಗಂಟಲಿನ ಇಲ್ಲವೇ ಚರ್ಮದ ಸೋಂಕಿನಿಂದ ಶುರುವಾಗಿ ಹೃದಯಕ್ಕೆ ತಟ್ಟುವ ರುಮ್ಯಾಟಿಕ್ ಜ್ವರ ಬಂದವರಿಗೆ 28 ದಿನಕ್ಕೊಮ್ಮೆ ಚುಚ್ಚಬೇಕು, ವರ್ಷಗಟ್ಟಲೆ. ತಪ್ಪಿದರೆ ಹೃದಯದ ಕವಾಟಕ್ಕೆ ಅಪಾಯ.

ಪಟ್ಟಿಯಲ್ಲಿ ಇಪ್ಪತ್ತು ಚಿಲ್ಲರೆ ಜನ. ಸರಿಯಾಗಿ ಬರುತ್ತಿದ್ದವರು ಏಳೆಂಟು.

ಮೊದಲು ಕೈಯಿಂದ ಸುಮಾರು 400 ಡಾಲರ್ ಹಾಕಿ ಬಣ್ಣದ ಚಾರ್ಟ್ ಮಾಡಿಸಿದೆ. ಎಲ್ಲರನ್ನೂ ಹಾಲ್‌ಗೆ ಕರೆದೆ. ಒಬ್ಬ ಗಂಡಸು ಒಳಗೆ ಬಂದ. ಮುಂದೆ ಕೂತಿದ್ದ ಅವನ ಅತ್ತೆ ಮುಖ ತಿರುಗಿಸಿಕೊಂಡು ಹಿಂಬಾಗಿಲಿಂದ ಹೊರಟರು. ಅವರ ಹಿಂದೆ ಹೆಂಗಸರೆಲ್ಲ ಎದ್ದರು. ಅಲ್ಲಿ ಅತ್ತೆ, ಅಳಿಯ ಎದುರುಬದುರು ಕೂರುವಂತಿಲ್ಲ. ನಾನು ಮೊದಲೇ ಯಾರನ್ನಾದರೂ ಕೇಳಬೇಕಿತ್ತು. ಉಳಿದವರನ್ನು "ಅರ್ಥ ಆಯ್ತಾ?" ಅಂದೆ. ಎಲ್ಲರೂ ಹೂಂ ಅಂದರು. ಮುಂದಿನ ತಿಂಗಳೂ ಬಂದಿದ್ದು ಅದೇ ಏಳೆಂಟು ಜನ. ಆ ಹೂಂ ನನ್ನ ಮೇಲಿನ ಮರ್ಯಾದೆಗೆ ಅಂದಿದ್ದು ಅಂತ ಆಮೇಲೆ ತಿಳಿಯಿತು.

"ಇಲ್ಲಿ ಪಾಠಗೀಠ ನಡೆಯಲ್ಲ" ಅಂದರು ಹಿರಿಯ ನರ್ಸ್ ಒಬ್ಬರು.

ಚಾರ್ಟ್ ಸುತ್ತಿಟ್ಟೆ. ನಮ್ಮ ಕ್ಲಿನಿಕ್‌ನ ಅಬೊರಿಜಿನಲ್ ಹೆಲ್ತ್ ಪ್ರಾಕ್ಟೀಷನರ್ (ಅವರದೇ ಜನರ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ) ಅಕ್ಕನಿಗೆ ಎಲ್ಲ ಒಪ್ಪಿಸಿದೆ. ಬರೀ ಹೆಂಗಸರು, ಬಯಲು, ಬೆಂಕಿ. ಅಂಗಡಿಯಿಂದ ತಂದ ಕಾಂಗರೂ ಬಾಲ ಕೆಂಡದ ಬೂದಿಯಲ್ಲಿ ಬೇಯುತ್ತಿತ್ತು. ಒಂದು ಸಲಕ್ಕೆ ಸುಮಾರು 60 ಡಾಲರ್, ಅಷ್ಟೇ ಖರ್ಚು. ಅಕ್ಕ ಅಂಗೈಯಿಂದ ಮರಳು ಸವರಿದರು. ಕುದುರೆ ಲಾಳದ ಹಾಗೆ ಎರಡು ಗುರುತು ಎಳೆದರು. ಅವರ ಚಿತ್ರದಲ್ಲಿ ಅದು ಕೂತ ಮನುಷ್ಯ: ತಾಯಿ, ಮಗು. ಮಗುವಿನ ಪಕ್ಕ ಬೆರಳಿಂದ ಸಣ್ಣ ಸಣ್ಣ ಗುಳಿ ಒತ್ತಿದರು, ಮೈಮೇಲಿನ ಹುಣ್ಣು. ಅಲ್ಲಿಂದ ಎದೆಗೆ ಒಂದು ಗೆರೆ. ಒಬ್ಬ ಅಜ್ಜಿ ಮುಂದೆ ಬಾಗಿ ಆ ಗೆರೆಯನ್ನು ಅಳಿಸಿ ಏನೋ ಕೇಳಿದರು. "ಸೂಜಿ ಹಾಕಿಸಿದರೆ ಹೀಗಾ?" ಅಂತ ಅಕ್ಕ ನನಗೆ ಇಂಗ್ಲಿಷಲ್ಲಿ ಹೇಳಿದರು. ನಾನು ಆವತ್ತು ಆಡಿದ್ದು "ಹೌದು" ಅನ್ನೋ ಒಂದೇ ಮಾತು.

ನಡುವೆ, ಚುಚ್ಚುವ ದಿನ ನೆನಪಿರಲಿ ಅಂತ ಹುಣ್ಣಿಮೆ ಲೆಕ್ಕವನ್ನೂ ನೋಡಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನ ಚಿಲ್ಲರೆ, ಪ್ರತಿ ತಿಂಗಳೂ ಒಂದೂವರೆ ದಿನ ತಡವಾಗುತ್ತಿತ್ತು. ಹಾಗಾಗಿ ಬಿಟ್ಟೆ. ಆದರೂ ಚಂದ್ರ ತುಂಬುತ್ತಿದ್ದಂತೆ ಅಜ್ಜಿಯರು ಮೊಮ್ಮಕ್ಕಳನ್ನು ಈಗಲೂ ಎಬ್ಬಿಸಿ ಕಳಿಸುತ್ತಾರೆ.

ವರ್ಷದ ಹೊತ್ತಿಗೆ ಹದಿನಾರು, ಹದಿನೇಳು ಜನ ತಪ್ಪದೆ ಬರುತ್ತಿದ್ದರು. ಹಿರಿಯ ನರ್ಸ್ ಪಟ್ಟಿಯನ್ನು ಎರಡು ಸಲ ನೋಡಿದರು. ನನಗೆ ಹೆಮ್ಮೆಯಿದೆ, ಯಾಕೆ ಮುಚ್ಚಿಡಲಿ?

ಓಡಿಹೋಗುವ ಹುಡುಗರನ್ನು ಕೂರಿಸುವ ಒಂದು ಉಪಾಯ ಅಕ್ಕ ಕಲಿಸಿದ್ದಾರೆ. ಅದು ಅವರ ಕಥೆ, ಇಲ್ಲಿ ಬರೆಯಲ್ಲ. ಸಿರಿಂಜನ್ನು ಫ್ರಿಜ್‌ನಿಂದ ತೆಗೆದು ಅಂಗೈಯಲ್ಲಿ ಬೆಚ್ಚಗೆ ಮಾಡಿ, ನಿಧಾನ ಕೊಡಿ, ಅಷ್ಟು ಹೇಳಬಲ್ಲೆ.

ಬರೋ ವಾರ ಗಂಡಸರ ಬೆಂಕಿ. ಪಕ್ಕದ ಊರಿನ ಗಂಡಸು ಪ್ರಾಕ್ಟೀಷನರ್ ಬರುತ್ತಾರೆ. ಬಾಲ ನಾನೇ ತಂದುಕೊಟ್ಟು ಕ್ಲಿನಿಕ್‌ಗೆ ವಾಪಸ್ ಬರ್ತೀನಿ.