ಕಿವಿ ಮುಚ್ಚಿಕೊಂಡರೆ ಎಲ್ಲರೂ ನಿಲ್ಲಿ

ಎಂಟು ವರ್ಷದ ಹುಡುಗ. ಆಟಿಸಂ ಇತ್ತು, ಮಾತು ಕಡಿಮೆ. ಹುಳುಕು ಹಲ್ಲುಗಳ ಚಿಕಿತ್ಸೆಗೆ ಪೂರ್ತಿ ಅರಿವಳಿಕೆ ಕೊಡಬೇಕಿತ್ತು, ಆ ಕೆಲಸ ನನ್ನದು. ಹಿಂದೊಮ್ಮೆ ಬೇರೆ ಕಡೆ ನಾಲ್ಕು ಜನ ಅದುಮಿ ಹಿಡಿದು ಸೂಜಿ ಚುಚ್ಚಿದ್ದರಂತೆ. ಆಮೇಲೆ ಆಸ್ಪತ್ರೆಯ ಗೇಟು ಕಂಡರೂ ಕಿರುಚುತ್ತಿದ್ದ.

ವಾರ ಮೊದಲೇ ತಾಯಿಗೆ ಫೋನ್ ಮಾಡಿದೆ. ಆರೋಗ್ಯದ ವಿಚಾರ ಬೇಗ ಮುಗಿಯಿತು. ಉಳಿದ ಅರ್ಧ ಗಂಟೆ ಅವನದೇ ಮಾತು.

"ಸಿಟ್ಟು ಬರೋ ಮುಂಚೆ ಏನು ಮಾಡ್ತಾನೆ?"

"ಕಿವಿ ಮುಚ್ಕೋತಾನೆ ಡಾಕ್ಟ್ರೇ."

ಅದನ್ನೇ ಚೀಟಿಯಲ್ಲಿ ಬರೆದು ಥಿಯೇಟರ್ ಬಾಗಿಲಿಗೆ ಅಂಟಿಸಿದೆ: ಕಿವಿ ಮುಚ್ಚಿಕೊಂಡರೆ ಎಲ್ಲರೂ ನಿಲ್ಲಿ.

ಆಡಲಿ ಅಂತ ಅರಿವಳಿಕೆ ಅನಿಲ ಕೊಡುವ ಒಂದು ಮಾಸ್ಕ್ ಮನೆಗೆ ಕಳಿಸಿದೆ. ಆ ದಿನದ ಆಪರೇಷನ್ ಪಟ್ಟಿಯಲ್ಲಿ ಅವನನ್ನೇ ಮೊದಲು ಹಾಕಿಸಿದೆ. ಊಟ ಬಿಟ್ಟು 6 ಗಂಟೆ, ನೀರು ಬಿಟ್ಟು 2 ಗಂಟೆ ಆದರೆ ಸಾಕು. ಹಸಿದ ಮಗುವನ್ನು ಸುಮ್ನೆ ಮಧ್ಯಾಹ್ನದವರೆಗೆ ಕೂರಿಸುವುದು ಅನ್ಯಾಯ. ಅವನು ಸಿಟ್ಟು, ಕೆರಳಿಕೆ ತಗ್ಗಿಸುವ ರಿಸ್ಪೆರಿಡೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಆಪರೇಷನ್ ದಿನ ಯಾವ ಮಾತ್ರೆಯೂ ಬೇಡ ಅಂತ ಎಷ್ಟೋ ಮನೆಗಳಲ್ಲಿ ನಿಲ್ಲಿಸಿಬಿಡುತ್ತಾರೆ. ಬೆಳಗಿನ ಮಾತ್ರೆ ತಪ್ಪಿಸಬೇಡಿ, ಒಂದು ಗುಟುಕು ನೀರಲ್ಲಿ ಕೊಡಿ ಎಂದೆ. ಆ ಔಷಧಿ ಹೃದಯದ ಲಯದ ಮೇಲೆ ಪರಿಣಾಮ ಬೀರಬಹುದು, ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಕೂಡ ಹಾಗೆಯೇ. ಅದಕ್ಕೇ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಆರಿಸಿಕೊಂಡೆ.

ಅರಿವಳಿಕೆಗೆ ಮುಂಚೆ ಮಕ್ಕಳು ಶಾಂತವಾಗಲಿ ಅಂತ ಮೊದಲೆಲ್ಲ ನಾನು ಮಿಡಾಜೋಲಾಮ್ ಸಿರಪ್ ಕುಡಿಸುತ್ತಿದ್ದೆ. ಅದು ಕಹಿ. ಒಬ್ಬಳು ಉಗುಳಿದಾಗ ಒತ್ತಾಯ ಮಾಡಿ ಕುಡಿಸಿದ್ದೆ. ಅವಳ ಮುಖ ಇನ್ನೂ ಮರೆತಿಲ್ಲ. ಕೆಲವು ಮಕ್ಕಳು ಅದರಿಂದ ಶಾಂತವಾಗುವ ಬದಲು ಇನ್ನೂ ಕೆರಳುತ್ತಾರೆ. ಈ ಹುಡುಗನಿಗೆ ತಾಯಿಯ ಮಡಿಲಲ್ಲೇ ಮಂಪರು ಬರಿಸುವ ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಕೆಜಿಗೆ 2 ಮೈಕ್ರೋಗ್ರಾಂನಂತೆ ಮೂಗಿಗೆ ಸಿಂಪಡಿಸಿದೆ. ಕೆಲಸ ಮಾಡಲು ಮುಕ್ಕಾಲು ಗಂಟೆ ಬೇಕಾಗಬಹುದು. "ಇನ್ನೂ ಆಗ್ಲಿಲ್ವಾ?" ಅಂತ ಥಿಯೇಟರಿನಿಂದ ಎರಡು ಸಲ ಕರೆ ಬಂತು. ಇಲ್ಲ ಎಂದೆ. ಮಂಪರು ಹತ್ತಿದ ಮೇಲೆ ಕಾಲ್ಬೆರಳಿಗೆ ಆಕ್ಸಿಮೀಟರ್ ಹಾಕಿದೆವು, ನಾಡಿ ನಿಧಾನವಾಗಬಹುದಲ್ವಾ.

ಥಿಯೇಟರಿನಲ್ಲಿ ದೀಪ ಮಂದ ಮಾಡಿದ್ದೆವು. ಮಾತು ನನ್ನದೊಂದೇ. ಅವನು ಮನೆಯ ಬಟ್ಟೆಯಲ್ಲೇ ಇದ್ದ. ಬಾಗಿಲ ಬಳಿ ಒಮ್ಮೆ ಕಿವಿ ಮುಚ್ಚಿಕೊಂಡ. ಎಲ್ಲರೂ ನಿಂತೆವು. ಒಂದು ನಿಮಿಷ ಬೇಕಾಯಿತು, ಆಮೇಲೆ ತಾನೇ ಕೈ ತೆಗೆದ. ಅವನ ಮಾಸ್ಕಿನಲ್ಲೇ ಅರಿವಳಿಕೆಯ ಅನಿಲ ಸೆವೊಫ್ಲುರೇನ್ ಕೊಟ್ಟೆ. ಸೂಜಿ ಹಾಕಿದ್ದು ನಿದ್ದೆ ಬಂದ ಮೇಲೆ. ಬಾಕಿ ಇದ್ದ ರಕ್ತ ಪರೀಕ್ಷೆಗೂ ಆಗಲೇ ರಕ್ತ ತೆಗೆದೆವು. ತಾಯಿ ಸಂಕೋಚದಿಂದ ಕೇಳಿದ್ದರು, ಹಾಗಾಗಿ ಉಗುರನ್ನೂ ಕತ್ತರಿಸಿದೆವು.

ಕಣ್ಣು ಬಿಡುವ ಮೊದಲೇ ತಾಯಿಯನ್ನು ಪಕ್ಕಕ್ಕೆ ಕರೆಸಿದೆ. ಸ್ವಲ್ಪ ಅತ್ತ. ನೀರು ಕುಡಿದ. ಸೂಜಿಯನ್ನು ಆದಷ್ಟು ಬೇಗ ತೆಗೆದು, ಅದೇ ದಿನ ಮನೆಗೆ ಕಳಿಸಿದೆವು. ಆ ಚೀಟಿ ಈಗ ಅವನ ಫೈಲಿನ ಮೊದಲ ಪುಟದಲ್ಲಿದೆ. ಮುಂದಿನ ಸಲ ಅರಿವಳಿಕೆ ಕೊಡುವುದು ನಾನಲ್ಲದೆಯೂ ಇರಬಹುದು.