ಕರಡು ನಿಯಮಕ್ಕೆ ಜನ ಬರೆದ ಪತ್ರಗಳು ಎಲ್ಲಿಗೆ ಹೋಗುತ್ತವೆ?

ಸಾರಿಗೆ ನಿಯಮ ಬದಲಾಯಿಸುವಾಗ ಸರ್ಕಾರ ನಮ್ಮನ್ನು ಕೇಳುವುದೇ ಇಲ್ಲ ಎಂದು ಜನ ಬೈಯುತ್ತಾರೆ. ಕೇಳುತ್ತದೆ. ಕೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 212ನೇ ಕಲಂ ಪ್ರಕಾರ, ಕರಡನ್ನು ಮೊದಲು ಪ್ರಕಟಿಸದೆ ನಿಯಮ ಮಾಡುವಂತಿಲ್ಲ. ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು ಅನ್ನುವುದು ಕೇಂದ್ರದ ಕಾಯ್ದೆಗಳಿಗೆಲ್ಲ ಅನ್ವಯಿಸುವ 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲೇ ಇದೆ. ತೊಂದರೆ ಶುರುವಾಗುವುದು ಕೇಳಿದ ಮೇಲೆ. ಕೆಲವು ವರ್ಷ ನಾನು ಒಂದು ಸಾರಿಗೆ ಇಲಾಖೆಯ ನಿಯಮ ವಿಭಾಗದಲ್ಲಿದ್ದೆ. ಅಲ್ಲಿ ಈ ಕೆಲಸವನ್ನು ಸ್ವಲ್ಪ ತೆರೆದಿಡಲು ಏನು ಮಾಡಿದೆವು ಎಂದು ಬರೆಯುತ್ತಿದ್ದೇನೆ.

ಮೊದಲ ಅಡ್ಡಿ ಕರಡಿನ ಭಾಷೆ. ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ, ತಿದ್ದುಪಡಿ ಬರುವ ರೀತಿ ನಿಮಗೆ ಗೊತ್ತಿರಬಹುದು. ಇಂಥ ನಿಯಮದ ಇಂಥ ಉಪನಿಯಮದ ನಂತರ ಇದನ್ನು ಸೇರಿಸತಕ್ಕದ್ದು, ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಇಡತಕ್ಕದ್ದು. ಹಳೆಯ ನಿಯಮ ಪಕ್ಕದಲ್ಲಿ ಇಲ್ಲದಿದ್ದರೆ ವಕೀಲರಿಗೂ ಅರ್ಥವಾಗುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಸುರಕ್ಷಾ ಬೆಲ್ಟ್ ಹಾಕಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು ಅನ್ನುವ ಕೇಂದ್ರದ ನಿಯಮ ನೆನಪಿದೆಯಾ? ಅದರ ಕರಡು ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಅಂತಿಮ ಅಧಿಸೂಚನೆ 2022ರ ಫೆಬ್ರವರಿಯಲ್ಲಿ. ಮಗುವನ್ನು ಬೈಕಿನಲ್ಲಿ ಶಾಲೆಗೆ ಬಿಡುವ ಎಷ್ಟು ತಂದೆ ತಾಯಿ ಆ ಕರಡನ್ನು ಓದಿರುತ್ತಾರೆ?

ಅದಕ್ಕೆ ನಾವು ಪ್ರತಿ ಕರಡಿನ ಜೊತೆ ಒಂದು ಹಾಳೆ ಹಾಕತೊಡಗಿದೆವು. ಎಡಗಡೆ ಈಗಿರುವ ನಿಯಮ, ಬಲಗಡೆ ತಿದ್ದಿದ ಮೇಲೆ ಅದು ಹೇಗೆ ಕಾಣುತ್ತದೆ, ಕೆಳಗೆ ಇದು ಯಾರಿಗೆ ತಟ್ಟುತ್ತದೆ. ಆಟೋ ಓಡಿಸುವವರಿಗಾ, ಶಾಲಾ ವ್ಯಾನಿನವರಿಗಾ, ಲಾರಿ ಮಾಲೀಕರಿಗಾ? ಕಾನೂನು ಶಾಖೆಯವರು ಒಪ್ಪಲಿಲ್ಲ. ಹಾಳೆಗೂ ರಾಜ್ಯಪತ್ರಕ್ಕೂ ಒಂದು ಪದ ವ್ಯತ್ಯಾಸ ಬಂದರೆ ಯಾವುದನ್ನು ನಂಬಬೇಕು ಎಂದು ಕೇಳಿದರು. ಪ್ರಶ್ನೆ ಸರಿಯಾಗೇ ಇತ್ತು. ‘ಇದು ತಿಳಿವಳಿಕೆಗೆ ಮಾತ್ರ, ಕಾನೂನಿಗೆ ರಾಜ್ಯಪತ್ರದ ಪಠ್ಯವೇ ಆಧಾರ’ ಎಂದು ಮೇಲೆ ಒಂದು ಸಾಲು ಹಾಕಿದ ಮೇಲೆ ಫೈಲ್ ಮುಂದೆ ಹೋಯಿತು.

ಇನ್ನೊಂದು ಹಾಳೆ ‘ಯಾಕೆ’ ಅನ್ನುವುದಕ್ಕೆ. ಕಾರಣಗಳೆಲ್ಲ ಫೈಲಿನ ಟಿಪ್ಪಣಿಯಲ್ಲಿ ಇದ್ದೇ ಇರುತ್ತವೆ, ಹೊರಗೆ ಮಾತ್ರ ಬರುವುದಿಲ್ಲ. ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಅದನ್ನೇ ತೋರಿಸಿ ಅನುಮತಿ ತೆಗೆದುಕೊಂಡೆವು. ಯಾವ ಸಮಸ್ಯೆಗೆ ಈ ನಿಯಮ, ಬೇರೆ ಯಾವ ದಾರಿ ನೋಡಿದೆವು, ಯಾಕೆ ಬಿಟ್ಟೆವು. ಒಂದು ಪುಟ ಸಾಕು. ಸ್ಕ್ಯಾನ್ ಮಾಡಿದ ಚಿತ್ರ ಹಾಕುವುದನ್ನೂ ನಿಲ್ಲಿಸಿದೆವು. ಅದರಲ್ಲಿ ಒಂದು ಪದ ಹುಡುಕಲೂ ಆಗುವುದಿಲ್ಲ.

ಇಷ್ಟೂ ಸುಲಭದ ಕೆಲಸ. ನಿಜವಾದ ಕೆಲಸ ಕೊನೆಯ ದಿನಾಂಕ ಮುಗಿದ ಮೇಲೆ.

ಅಂತಿಮ ಅಧಿಸೂಚನೆಯ ಶುರುವಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಸರ್ಕಾರ ಪರಿಗಣಿಸಿದೆ ಅಂತ. ಅಷ್ಟೇ. ಸಾವಿರ ಪತ್ರ ಬಂದಿದ್ದರೂ ಅದೇ ಸಾಲು, ಎರಡು ಬಂದಿದ್ದರೂ ಅದೇ ಸಾಲು. ಬರೆದವರಿಗೆ ತನ್ನ ಪತ್ರವನ್ನು ಯಾರಾದರೂ ತೆರೆದರಾ ಅನ್ನುವುದೂ ಗೊತ್ತಾಗುವುದಿಲ್ಲ. ಮುಂದಿನ ಸಲ ಅವರು ಬರೆಯುವುದಿಲ್ಲ. ಆಮೇಲೆ ಬರೆಯುವವರು ಸಂಘಗಳು, ಕಂಪನಿಗಳು ಮಾತ್ರ.

ನಾವು ಮಾಡಿದ್ದು ಹೀಗೆ. ಅಂಚೆಯಲ್ಲಿ ಬರಲಿ, ಇಮೇಲ್‌ನಲ್ಲಿ ಬರಲಿ, ಕೈಯಲ್ಲಿ ಕೊಡಲಿ, ಪ್ರತಿ ಪತ್ರಕ್ಕೂ ಒಂದೇ ರಿಜಿಸ್ಟರಿನ ಸಂಖ್ಯೆ. ಪತ್ರ ಓದಿ, ಅದು ಕರಡಿನ ಯಾವ ಉಪನಿಯಮದ ಬಗ್ಗೆ ಮಾತಾಡುತ್ತಿದೆ ಎಂದು ಗುರುತು ಹಾಕುವುದು. ಒಂದೇ ಒಕ್ಕಣೆಯ ಪತ್ರಗಳು ಕಂತೆಗಟ್ಟಲೆ ಬರುತ್ತವೆ. ಅವನ್ನು ಒಂದು ವಾದವೆಂದು ಹಿಡಿದು, ಎಷ್ಟು ಜನ ಕಳಿಸಿದರು ಎಂದು ಪಕ್ಕದಲ್ಲಿ ಬರೆದೆವು. ಇದು ಮತದಾನ ಅಲ್ಲ. ಒಬ್ಬನೇ ಹೇಳಿದ ಸರಿಯಾದ ಮಾತಿಗೆ ನೂರು ಜನ ಸಹಿ ಹಾಕಿದ ತಪ್ಪು ಮಾತಿಗಿಂತ ಜಾಸ್ತಿ ತೂಕ. ಫೋನ್ ಸಂಖ್ಯೆ, ಮನೆ ವಿಳಾಸ ಅಳಿಸಿ ಪತ್ರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದೆವು. ಟೆಲಿಕಾಂ ನಿಯಂತ್ರಕ ಟ್ರಾಯ್ ಹೀಗೆ ಅಭಿಪ್ರಾಯಗಳನ್ನು ಪ್ರಕಟಿಸುವುದನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರು ಉತ್ತರ ಬರೆಯಲೂ ಅಲ್ಲಿ ಸಮಯ ಕೊಡುತ್ತಾರೆ. ಅಲ್ಲಿ ಆಗುವುದು ಸಾರಿಗೆಯಲ್ಲಿ ಯಾಕೆ ಆಗಬಾರದು?

ಕೊನೆಗೆ ಉತ್ತರದ ಪಟ್ಟಿ. ಪ್ರತಿ ವಾದದ ಎದುರು ಒಪ್ಪಿದೆವು, ಭಾಗಶಃ ಒಪ್ಪಿದೆವು, ಒಪ್ಪಲಿಲ್ಲ, ಮತ್ತು ಕಾರಣ. ಕಾರಣದ ಜಾಗದಲ್ಲಿ ‘ನಿಯಮಾನುಸಾರ’ ಎಂದು ಬರೆದು ಕಳಿಸಿದರೆ ವಾಪಸ್. ನಿಯಮವನ್ನೇ ಬರೆಯುತ್ತಿರುವಾಗ ಯಾವ ನಿಯಮಾನುಸಾರ, ಅಲ್ವಾ?

ಇದರಿಂದ ಕರಡು ಬದಲಾಗುತ್ತದಾ ಎಂದು ಕೇಳಬಹುದು. ಒಂದು ಉದಾಹರಣೆ. ಬಾಡಿಗೆ ವಾಹನಗಳಿಗೆ ಒಂದು ಸಾಧನ ಅಳವಡಿಸಲು ಕರಡಿನಲ್ಲಿ ಎಲ್ಲರಿಗೂ ಒಂದೇ ದಿನಾಂಕ ಇತ್ತು. ಗ್ಯಾರೇಜ್ ನಡೆಸುವ ಒಬ್ಬರು ಅರ್ಧ ಪುಟದ ಪತ್ರ ಬರೆದರು. ಹೀಗೆ ಮಾಡಿದರೆ ಕೊನೆಯ ವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸಾಮಾನು ಸಿಗುವುದಿಲ್ಲ, ಬೆಲೆ ಏರುತ್ತದೆ. ಪ್ರತಿ ವಾಹನ ಮುಂದಿನ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಬರುವಾಗ ಅಳವಡಿಸಲಿ ಅಂದರು. ಎಫ್‌ಸಿ ದಿನಾಂಕ ಪ್ರತಿ ವಾಹನಕ್ಕೂ ಬೇರೆ ಬೇರೆ. ಹಾಗಾಗಿ ಕೆಲಸ ವರ್ಷವಿಡೀ ತಾನಾಗಿಯೇ ಹಂಚಿಹೋಗುತ್ತದೆ. ಕಚೇರಿಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ನಿಯಮ ಹಾಗೇ ಬದಲಾಯಿತು. ಪಟ್ಟಿಯಲ್ಲಿ ಅವರ ಪತ್ರದ ಸಂಖ್ಯೆಯ ಎದುರು ‘ಒಪ್ಪಿದೆ’ ಎಂದು ಬಂತು.

ಜಾಸ್ತಿ ವಿರೋಧ ಬಂದದ್ದು ಸಭೆಗಳ ವಿಷಯಕ್ಕೆ. ಕರಡು ಹೊರಬಿದ್ದ ಮೇಲೆ ಮಾಲೀಕರ ಸಂಘದವರು, ತಯಾರಕರ ಕಡೆಯವರು ಮೇಲಧಿಕಾರಿಗಳನ್ನು ನೋಡಲು ಬರುತ್ತಾರೆ. ಬರುವುದು ತಪ್ಪಲ್ಲ. ಆದರೆ ಪತ್ರ ಬರೆದವನ ಮಾತು ರಿಜಿಸ್ಟರಿನಲ್ಲಿ, ಚೇಂಬರಿನಲ್ಲಿ ಕೂತವನ ಮಾತು ಗಾಳಿಯಲ್ಲಿ. ಯಾರು ಬಂದರು, ಯಾವತ್ತು, ಏನು ಕೇಳಿದರು, ಏನು ಕಾಗದ ಕೊಟ್ಟರು ಎಂದು ಒಂದು ಚೀಟಿ ಫೈಲಿಗೆ ಸೇರಬೇಕು, ಅದೂ ಪ್ರಕಟವಾಗಬೇಕು ಎಂದು ಪ್ರಸ್ತಾಪ ಇಟ್ಟೆವು. ಕೆಲವರು ಮಾಡಿದರು. ಕೆಲವರ ಚೇಂಬರಿನಿಂದ ಒಂದು ಚೀಟಿಯೂ ಬರಲಿಲ್ಲ. ಆದೇಶ ಇಲ್ಲದೆ ಬರಿಯ ಒಳ್ಳೆಯತನದಿಂದ ನಡೆಯುವ ಕೆಲಸ ಇದಲ್ಲ ಅನ್ನುವುದು ನನ್ನ ಅಭಿಪ್ರಾಯ.

‘ಇದನ್ನೆಲ್ಲ ಹಾಕಿದರೆ ನಾಳೆ ಕೋರ್ಟಿಗೆ ತಗೊಂಡು ಹೋಗ್ತಾರೆ ಸಾರ್’ ಅನ್ನುವುದು ಎಲ್ಲರ ಹೆದರಿಕೆ. ಕಾರಣ ಬರೆಯದಿದ್ದರೂ ಕೋರ್ಟಿಗೆ ಹೋಗುತ್ತಾರೆ. ಕಾಲ್ ಡ್ರಾಪ್ ಪರಿಹಾರದ ಬಗ್ಗೆ ಟ್ರಾಯ್ ಮಾಡಿದ್ದ ನಿಯಮವನ್ನು 2016ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಮೆರಿಕದಲ್ಲಿ 1946ರಿಂದ ಇರುವಂಥ, ಜನರ ಅಭಿಪ್ರಾಯ ಕೇಳಿ ಕಾರಣ ಹೇಳಿಯೇ ನಿಯಮ ಮಾಡಬೇಕು ಅನ್ನುವ ಕಾನೂನು ಇಲ್ಲೂ ಬರುವುದು ಒಳ್ಳೆಯದು ಎಂದು ಅದೇ ತೀರ್ಪಿನಲ್ಲಿ ಸಂಸತ್ತಿಗೆ ಸೂಚಿಸಿತು. ಅಭಿಪ್ರಾಯಗಳ ಸಾರಾಂಶ ಪ್ರಕಟಿಸಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯೂ ಹೇಳುತ್ತದೆ. ಆದರೆ ಅದು ನೀತಿ, ಕಾಯ್ದೆ ಅಲ್ಲ.

ಇನ್ನೊಂದು ಸಣ್ಣ ಕೆಲಸ ಮಾಡಿದೆವು. ಪ್ರತಿ ಕರಡು ಈಗ ಯಾವ ಹಂತದಲ್ಲಿದೆ ಎಂದು ತೋರಿಸುವ ಪಟ್ಟಿ. ಕೈಬಿಟ್ಟಿದ್ದರೆ ಕೈಬಿಟ್ಟಿದೆ ಎಂದೇ ಬರೆಯುವುದು. ಕಾರಿಗೆ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕೇಂದ್ರದ ಕರಡು 2022ರ ಜನವರಿಯಲ್ಲಿ ಬಂತು. ಮೊದಲು ಒಂದು ವರ್ಷ ಮುಂದೆ ಹೋಯಿತು, 2023ರಲ್ಲಿ ಕಡ್ಡಾಯವೇ ಇಲ್ಲ ಎಂದಾಯಿತು. ಜನರಿಗೆ ಇದು ತಿಳಿದದ್ದು ಸಚಿವರ ಮಾತಿನಿಂದ. ಅಭಿಪ್ರಾಯ ಬರೆದವರು ದಿನಪತ್ರಿಕೆ ಓದಿ ತಿಳಿಯಬೇಕಾದ ವಿಷಯವಲ್ಲ ಇದು.

ನೀವು ಕರಡು ನಿಯಮಕ್ಕೆ ಅಭಿಪ್ರಾಯ ಬರೆಯುವವರಾದರೆ, ಒಳಗೆ ಕೂತು ಓದಿದವನಾಗಿ ಇಷ್ಟು ಹೇಳಬಲ್ಲೆ. ಉಪನಿಯಮದ ಸಂಖ್ಯೆ ಹಾಕಿ. ಅದರಿಂದ ನಿಮ್ಮ ಕೆಲಸಕ್ಕೆ ಏನಾಗುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ಬದಲಿಗೆ ಹೇಗಿರಬೇಕು ಅನ್ನುವುದನ್ನೂ ಬರೆಯಿರಿ. ಸುಮ್ನೆ ‘ವಿರೋಧಿಸುತ್ತೇವೆ’ ಅಂದರೆ ಗುಮಾಸ್ತ ಅದನ್ನು ಎಣಿಕೆಗೆ ಸೇರಿಸಬಲ್ಲನೇ ಹೊರತು ಕರಡಿನಲ್ಲಿ ಒಂದು ಅಕ್ಷರವನ್ನೂ ತಿದ್ದಲಾರ. ಅಂತಿಮ ಅಧಿಸೂಚನೆ ಬಂದ ಮೇಲೆ, ನಿಮ್ಮ ಪತ್ರಕ್ಕೆ ಏನು ಉತ್ತರ ಬರೆದರು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ಅಂಥ ಅರ್ಜಿ ಟೇಬಲ್ಲಿಗೆ ಬಂದ ವಾರ ಉತ್ತರದ ಪಟ್ಟಿ ಬೇಗ ತಯಾರಾಗುವುದನ್ನು ನಾನೇ ನೋಡಿದ್ದೇನೆ.