ಗೆಸ್ಟ್ ಹೊಗಳಿದ್ದಾ, ಬೈದದ್ದಾ?

ಮಲ್ಪೆಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್, ಮೇಲ್, ರಿವ್ಯೂ ಎಲ್ಲ ನಾನೇ ನೋಡಿಕೊಳ್ಳುವುದು. ಹೊರದೇಶದ ಗೆಸ್ಟ್‌ಗಳು ಹೊಗಳುವಾಗ ‘ನಾಟ್’ ಜಾಸ್ತಿ ಬಳಸುತ್ತಾರೆ. ‘ದ ಫುಡ್ ಕುಡಂಟ್ ಹ್ಯಾವ್ ಬೀನ್ ಬೆಟರ್’ ಅಂತ ಬರೆದಿರುತ್ತಾರೆ. ‘ಕುಡಂಟ್’ ಒಳಗಿನ ‘ನಾಟ್’, ಕೊನೆಯ ‘ಬೆಟರ್’ ಎರಡನ್ನೇ ಹಿಡಿದುಕೊಂಡರೆ ಊಟ ಚೆನ್ನಾಗಿರಲಿಲ್ಲ ಅಂತಲೇ ಅನಿಸುತ್ತದೆ, ಅಲ್ವಾ? ನಮ್ಮ ಅಡುಗೆ ಅಕ್ಕನಿಗೆ ಹಾಗೆ ಓದಿ ಹೇಳಿದರೆ ಮರುದಿನ ನೀರುದೋಸೆ ಸಿಗಲಿಕ್ಕಿಲ್ಲ.

ಇಂಥ ವಾಕ್ಯ ಸಿಕ್ಕಿದರೆ ನಾನು ಮೊದಲು ನೋಡುವುದು, ‘ಇಲ್ಲ’ ಅಂದದ್ದು ಯಾವುದಕ್ಕೆ ಅಂತ. ಊಟಕ್ಕಲ್ಲ, ಅದಕ್ಕಿಂತ ಒಳ್ಳೆಯ ಊಟಕ್ಕೆ. ‘ಇದಕ್ಕಿಂತ ಇನ್ನೇನು ಬೇಕು ಮಾರಾಯ್ರೆ’ ಅಂತ ನಾವೂ ಹೇಳುತ್ತೇವಲ್ಲ, ಅದೇ ಲೆಕ್ಕ. ‘ಕುಡಂಟ್ ಅಗ್ರೀ ಮೋರ್’ ಅಂದರೆ ಪೂರ್ತಿ ಒಪ್ಪಿಗೆ. ‘ಕುಡಂಟ್ ಬಿ ಹ್ಯಾಪಿಯರ್’ ಅಂದರೆ ಭಾರೀ ಖುಷಿ. ‘ವರ್ಸ್’ ಬಂದರೆ ಮಾತ್ರ ಉಲ್ಟಾ, ‘ಕುಡಂಟ್ ಬಿ ವರ್ಸ್’ ಅಂದರೆ ಇದಕ್ಕಿಂತ ಕೆಟ್ಟದ್ದು ಇಲ್ಲ.

‘ಕುಡ್ ಬಿ ಬೆಟರ್’ ಬೇರೆ, ಅದು ದೂರೇ. ಫೋನಿನಲ್ಲಿ ‘ಕುಡಂಟ್’ನ ಕೊನೆಯ ‘ಟ್’ ಎಷ್ಟೋ ಸಲ ಕೇಳುವುದೇ ಇಲ್ಲ, ಹಾಗಾಗಿ ದನಿ ನೋಡಿ ತಿಳಿದುಕೊಳ್ಳುತ್ತೇನೆ, ಆಗಲೂ ಸಂಶಯ ಬಂದರೆ ‘ಏನಾದರೂ ಬದಲಾಯಿಸಬೇಕಾ’ ಅಂತ ಕೇಳಿಬಿಡುತ್ತೇನೆ. ಇನ್ನು ‘ಕುಡಂಟ್ ಕೇರ್ ಲೆಸ್’ ಅಂದರೆ ನನಗೇನೂ ಬಿದ್ದುಹೋಗಿಲ್ಲ ಅಂತ. ಅಮೆರಿಕದವರು ಕೆಲವರು ‘ನಾಟ್’ ಬಿಟ್ಟು ‘ಕುಡ್ ಕೇರ್ ಲೆಸ್’ ಅಂದರೂ ಅರ್ಥ ಅದೇ. ಅದಕ್ಕೆ ಸುಮ್ನೆ ಲಾಜಿಕ್ ಹುಡುಕಬೇಡಿ.

ನಿಜವಾಗಿ ತಲೆ ತಿನ್ನುವುದು ‘ದ್ಯಾನ್’. ‘ನಥಿಂಗ್ ಈಸ್ ಬೆಟರ್ ದ್ಯಾನ್ ದಿಸ್ ರೂಮ್’ ಹೊಗಳಿಕೆ. ‘ದಿಸ್ ರೂಮ್ ಈಸ್ ನೋ ಬೆಟರ್ ದ್ಯಾನ್ ದ ಲಾಸ್ಟ್ ಒನ್’ ದೂರು, ಮೊದಲಿನ ರೂಮೂ ಇಷ್ಟವಾಗಿರಲಿಲ್ಲ, ಇದೂ ಅಷ್ಟೇ ಅಂತ. ಎರಡರಲ್ಲೂ ‘ಬೆಟರ್’ ಉಂಟು, ‘ಇಲ್ಲ’ವೂ ಉಂಟು. ನಾನು ನೋಡುವುದು ‘ದ್ಯಾನ್’ ಆದಮೇಲೆ ಏನಿದೆ ಅಂತ. ಮೊದಲನೆಯದರಲ್ಲಿ ಆ ಜಾಗದಲ್ಲಿ ನಮ್ಮ ರೂಮ್ ಉಂಟು, ಅದನ್ನು ಯಾವುದೂ ಮೀರಿಸಿಲ್ಲ ಅಂತ. ಎರಡನೆಯದರಲ್ಲಿ ಹಿಂದಿನ ರೂಮ್ ಉಂಟು, ಅದನ್ನೂ ನಮ್ಮದು ಮೀರಿಸಿಲ್ಲ ಅಂತ.

ಹೊಗಳಿಕೆಗೂ ಬೇಲಿ ಇರುತ್ತದೆ. ‘ಹ್ಯಾವಂಟ್ ಹ್ಯಾಡ್ ಅ ಬೆಟರ್ ಫಿಶ್ ಕರಿ ಆನ್ ದಿಸ್ ಟ್ರಿಪ್’ ಅಂದರೆ ಈ ಪ್ರವಾಸದಲ್ಲಿ ತಿಂದ ಸಾರುಗಳಲ್ಲಿ ನಮ್ಮದನ್ನು ಮೀರಿಸಿದ್ದಿಲ್ಲ ಅಂತ, ಅಷ್ಟೇ. ಅವರು ಗೋವಾದಿಂದ ಗೋಕರ್ಣ ಮುಗಿಸಿ ಬಂದವರಾದರೆ ಅದು ಸಣ್ಣ ಮಾತಲ್ಲ. ಆದರೆ ಅಡುಗೆ ಅಕ್ಕನಿಗೆ ಹೇಳುವಾಗ ‘ಈ ಪ್ರವಾಸದಲ್ಲಿ’ ಅನ್ನುವುದನ್ನು ನಾನು ನುಂಗಿಬಿಡುತ್ತೇನೆ.